ಮಂಡಲಛೇದಕವನ್ನು ಆರಿಸುವ ಬಗೆ

ಕಲಬುರಗಿ ಜಿಲ್ಲೆಯ ಕೊಡ್ಲಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದುಗಳ ಸೀಮೆಯು ತೊಗರಿಗೂ ಸುಣ್ಣಕಲ್ಲಿಗೂ ಹೆಸರಾದುದು. ಇಲ್ಲಿ ಅಗೆದು ತೆಗೆದ ಹಾಸುಗಲ್ಲು ‘ಶಹಾಬಾದ್ ಕಲ್ಲು’ ಎಂಬ ಹೆಸರಿನಿಂದ ದೂರದೂರದ ಮನೆಗಳನ್ನು ಸೇರಿದೆ. ಕಲ್ಲನ್ನು ಕೊಯ್ದು ಹೊಳಪು ಕೊಡುವ ಯಂತ್ರಗಳು ವಿದ್ಯುತ್ತಿನಿಂದ ನಡೆಯುತ್ತವೆ. ಅಲಗು ಕಾಯದಿರಲೆಂದು ಮೇಲಿನಿಂದ ನೀರು ಸುರಿಯುತ್ತಿರುತ್ತದೆ. ನೀರೂ ವಿದ್ಯುತ್ತೂ ಹೀಗೆ ಒಂದೆಡೆ ಸೇರಿದಾಗ ಕೆಲಸಗಾರನ ಪ್ರಾಣವು ಗೋಡೆಯ ಮೇಲಿನ ಪುಟ್ಟ ಸಾಧನವೊಂದನ್ನು ನೆಚ್ಚಿಕೊಂಡಿರುತ್ತದೆ. ಅದೇ ಮಂಡಲಛೇದಕ, ಅಂದರೆ ಸರ್ಕಿಟ್ ಬ್ರೇಕರ್. ಇದರ ಬಗೆಗಳು ಹಲವು. ಎಲ್ಲಿಗೆ ಯಾವುದು ತಕ್ಕುದೆಂಬುದನ್ನು ಈಗ ವಿಚಾರಿಸೋಣ.

ಸಾಮಾನ್ಯವಾದ ಎಂ.ಸಿ.ಬಿ.ಯೊಳಗೆ ಇಬ್ಬರು ಕಾವಲುಗಾರರಿದ್ದಾರೆ. ಒಂದು, ಎರಡು ಲೋಹಗಳನ್ನು ಬೆಸೆದು ಮಾಡಿದ ಪಟ್ಟಿ. ಪ್ರವಾಹವು ಮಿತಿಮೀರಿದರೆ ಪಟ್ಟಿಯು ಕಾಯುತ್ತದೆ. ಎರಡು ಲೋಹಗಳೂ ಒಂದೇ ಸಮನಾಗಿ ಹಿಗ್ಗಲಾರದೆ ಅದು ಬಾಗಿ, ಕೊಂಡಿಯನ್ನು ಕಳಚುತ್ತದೆ. ಈ ಕೆಲಸ ನಿಧಾನವಾದುದು. ಮತ್ತೊಂದು, ತಂತಿಯ ಸುರುಳಿ. ತಂತಿಗಳು ಒಂದನ್ನೊಂದು ತಾಗಿ ಪ್ರವಾಹವು ಒಮ್ಮೆಗೇ ಉಕ್ಕಿದಾಗ ಸುರುಳಿಯು ಬಲವಾದ ಅಯಸ್ಕಾಂತವಾಗಿ, ಕೊಂಡಿಯನ್ನು ಕ್ಷಣಾರ್ಧದಲ್ಲಿ ಎಳೆಯುತ್ತದೆ.

ಮೊದಲು ನೋಡಬೇಕಾದುದು ಆಂಪಿಯರ್ ಅಂಕಿ. ಅದು ಸಲಕರಣೆಯ ಅಗತ್ಯಕ್ಕಿಂತ ಕಡಮೆಯಾಗಿರಬಾರದು. ತಂತಿಯು ತಾಳುವ ಮಿತಿಯನ್ನು ಮೀರಲೂಬಾರದು. 20 ಆಂಪಿಯರ್ ತಾಳುವ ತಂತಿಗೆ 16 ಆಂಪಿಯರ್ ಛೇದಕವು ಸರಿ. ಪದೇ ಪದೇ ಬೀಳುತ್ತದೆಂದು ಬೇಸತ್ತು 32ರದನ್ನು ಹಾಕಿದರೆ, ಛೇದಕವು ಸುಮ್ಮನಿರುವಾಗಲೇ ತಂತಿಯ ಹೊದಿಕೆ ಸುಟ್ಟೀತು.

ಅಂಕಿಯ ಹಿಂದಿರುವ ಅಕ್ಷರವು ಸುರುಳಿಯ ಸ್ವಭಾವವನ್ನು ತಿಳಿಸುತ್ತದೆ. ‘ಬಿ’ ಬಗೆಯದು ತನ್ನ ಅಂಕಿಯ 3ರಿಂದ 5 ಪಟ್ಟು, ‘ಸಿ’ 5ರಿಂದ 10 ಪಟ್ಟು, ‘ಡಿ’ 10ರಿಂದ 20 ಪಟ್ಟು ಪ್ರವಾಹದಲ್ಲಿ ತಟ್ಟನೆ ಕಳಚುತ್ತದೆ. ಇಷ್ಟು ಬಗೆಗಳೇಕೆ? ಮೋಟಾರು ಹೊರಡುವಾಗ, ನಡೆಯುವಾಗಿನದಕ್ಕಿಂತ ಆರೇಳು ಪಟ್ಟು ಪ್ರವಾಹವನ್ನು ಸೆಳೆಯುತ್ತದೆ. 14 ಆಂಪಿಯರಿನ ಮೋಟಾರು ಹೊರಡುವಾಗ ಸುಮಾರು 90 ಆಂಪಿಯರ್ ಬೇಕೆನ್ನೋಣ. 16 ಆಂಪಿಯರಿನ ‘ಬಿ’ ಛೇದಕವು 80ರೊಳಗೇ ಬಿದ್ದುಬಿಡುವುದು. ‘ಸಿ’ ಛೇದಕವು 80ರಿಂದ 160ರ ನಡುವೆ ಎಲ್ಲಿಯಾದರೂ ಬೀಳಬಹುದು. ‘ಡಿ’ ಛೇದಕವು 160ರವರೆಗೆ ತಾಳಿಕೊಳ್ಳುವುದು. ಆದುದರಿಂದ ದೀಪಗಳಿಗೂ ನೀರು ಕಾಯಿಸುವ ಸಾಧನಗಳಿಗೂ ‘ಬಿ’, ಫ್ಯಾನು, ಶೀತಕಪೆಟ್ಟಿಗೆ, ಸಣ್ಣ ಪಂಪುಗಳಿಗೆ ‘ಸಿ’, ಕಲ್ಲು ಕೊಯ್ಯುವಂಥ ಭಾರವಾದ ಯಂತ್ರಗಳಿಗೆ ‘ಡಿ’ ಸಾಮಾನ್ಯವಾಗಿ ಒಪ್ಪುತ್ತವೆ. ಆದರೆ ‘ಡಿ’ ಛೇದಕವು ತಟ್ಟನೆ ಕಳಚಬೇಕಾದರೆ ದೋಷದ ಪ್ರವಾಹವೂ ಅಷ್ಟೇ ದೊಡ್ಡದಾಗಿರಬೇಕೆಂಬುದನ್ನು ಮರೆಯಲಾಗದು.

ಇಲ್ಲಿಯೇ ನಮ್ಮ ನೆಲದ ಪ್ರಶ್ನೆ ಬರುತ್ತದೆ. ಕಲ್ಲುಪದರವು ಮೇಲಕ್ಕೇ ಇರುವಲ್ಲಿ ಭೂಸಂಪರ್ಕದ ಕಂಬಿ ಆಳಕ್ಕೆ ಇಳಿಯದು. ಎರೆಭೂಮಿಯು ಬೇಸಗೆಯಲ್ಲಿ ಒಣಗಿ ಬಿರಿದರೆ ನೆಲದ ರೋಧವು ಏರುತ್ತದೆ. ಯಂತ್ರದ ಮೈಗೆ ವಿದ್ಯುತ್ತು ಸೋರಿತೆಂದೂ, ನೆಲದ ದಾರಿಯ ಒಟ್ಟು ರೋಧ 20 ಓಮ್ ಎಂದೂ ಇಟ್ಟುಕೊಳ್ಳೋಣ. 230 ವೋಲ್ಟನ್ನು 20ರಿಂದ ಭಾಗಿಸಿದರೆ 11.5 ಆಂಪಿಯರ್. 16 ಆಂಪಿಯರಿನ ಎಂ.ಸಿ.ಬಿ.ಗೆ ಇದು ದೋಷವೆಂದೇ ತೋರದು. ಯಂತ್ರದ ಮೈಯಲ್ಲಿ ವಿದ್ಯುತ್ತು ನಿಂತೇ ಇರುತ್ತದೆ. ಮುಟ್ಟಿದವನ ಮೈಯ ರೋಧವು 1000 ಓಮ್ ಎಂದರೂ, ಅವನ ಮೂಲಕ ಹರಿಯಬಹುದಾದುದು 230 ಮಿಲಿಆಂಪಿಯರಿಗೆ ಮಿಗಿಲಲ್ಲ. ಛೇದಕಕ್ಕೆ ಇದು ಲೆಕ್ಕಕ್ಕೇ ಬಾರದು. ಹೃದಯವನ್ನು ನಿಲ್ಲಿಸಲು ಮಾತ್ರ ಸಾಕು.

ಈ ಕೊರತೆಯನ್ನು ತುಂಬುವುದು ಆರ್.ಸಿ.ಸಿ.ಬಿ. ಹೋದ ಪ್ರವಾಹವೂ ಮರಳಿದ ಪ್ರವಾಹವೂ ಸಮವಾಗಿವೆಯೇ ಎಂದು ಅದು ತೂಗಿ ನೋಡುತ್ತದೆ. ವ್ಯತ್ಯಾಸವಿದ್ದರೆ ಎಲ್ಲಿಯೋ ಸೋರಿಕೆಯಿದೆ ಎಂದರ್ಥ. 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಅಷ್ಟು ಸೋರಿಕೆಗೆ 0.3 ಸೆಕೆಂಡಿನೊಳಗೆ ಕಳಚುತ್ತದೆ. ಆದರೆ ಅದು ಅತಿಭಾರವನ್ನು ತಡೆಯದು. ಒಂದು ಕೈ ಫೇಸಿನಲ್ಲೂ ಇನ್ನೊಂದು ನ್ಯೂಟ್ರಲಿನಲ್ಲೂ ಇದ್ದು ನೆಲಕ್ಕೆ ಸೋರಿಕೆಯಿಲ್ಲದಿದ್ದರೆ ಅಪಾಯವನ್ನು ಅರಿಯದು. ಆದಕಾರಣ ಎಂ.ಸಿ.ಬಿ., ಆರ್.ಸಿ.ಸಿ.ಬಿ., ಭೂಸಂಪರ್ಕ ಈ ಮೂರೂ ಒಟ್ಟಿಗೆ ಇರಬೇಕು. ಅದರ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡುವುದೂ ಅವಶ್ಯ.

ವಾಚಕರು ಇಂದು ತಮ್ಮ ಮನೆಯ ಫಲಕವನ್ನು ಬಿಚ್ಚದೆ, ಹೊರಗಿನಿಂದಲೇ ಅದರ ಅಕ್ಷರಗಳನ್ನೂ ಅಂಕಿಗಳನ್ನೂ ಓದಲಿ. ಛೇದಕವು ಮತ್ತೆ ಮತ್ತೆ ಬೀಳುತ್ತಿದ್ದರೆ ದೊಡ್ಡದನ್ನು ಕೂರಿಸುವ ಮೊದಲು, ಅದು ಏನನ್ನು ಹೇಳುತ್ತಿದೆಯೆಂದು ಬಲ್ಲವರಿಂದ ಪರೀಕ್ಷಿಸಿ ತಿಳಿಯುವುದು ಲೇಸು.