ಬೆವರದ ನಳರು

ಪ್ರೇಮದ ಮೇಲೆ ಬರೆಯಿರಿ ಎಂದರೆ ನಮ್ಮ ಕೂಟದಲ್ಲಿ ಕವಿತೆ ಬರೆಯುವವರೇ ಬಹಳ. ನಾನು ಕಾಮರ್ಸಿನವನು, ನನಗೆ ಕಾಯಿದೆ ನೆನಪಾಗುತ್ತೆ. ನಗಬೇಡಿ.

1932ರ ಭಾರತೀಯ ಪಾಲುದಾರಿಕೆ ಕಾಯಿದೆಯ 9ನೇ ಸೆಕ್ಷನ್ ಪ್ರಕಾರ ಪಾಲುದಾರರು ಎಲ್ಲರಿಗೂ ಹೆಚ್ಚು ಹಿತವಾಗುವಂತೆ ವ್ಯವಹಾರ ನಡೆಸಬೇಕು, ಒಬ್ಬರಿಗೊಬ್ಬರು ನ್ಯಾಯವಾಗಿ, ನಿಷ್ಠೆಯಿಂದ ಇರಬೇಕು, ನಿಜವಾದ ಲೆಕ್ಕವನ್ನೂ ಪೂರ್ತಿ ಮಾಹಿತಿಯನ್ನೂ ಕೊಡಬೇಕು. ಬೇರೆ ಕರಾರು ಇಲ್ಲದಿದ್ದರೆ ಲಾಭವೂ ಸಮ, ನಷ್ಟವೂ ಸಮ. ಇದು 13ನೇ ಸೆಕ್ಷನ್. ಫರ್ಮಿನ ಹೆಸರಿನಲ್ಲಿ ಒಬ್ಬನೇ ಗುಟ್ಟಾಗಿ ಲಾಭ ಮಾಡಿಕೊಂಡರೆ 16ನೇ ಸೆಕ್ಷನ್ ಅದನ್ನೂ ಲೆಕ್ಕಕ್ಕೆ ತರಿಸುತ್ತೆ. ಇನ್ನು 30ನೆಯದು ಮಜಾ ಇದೆ. ಮೈನರ್ ಹುಡುಗನನ್ನು ಎಲ್ಲರೂ ಒಪ್ಪಿ ಪಾಲುದಾರಿಕೆಯ ಲಾಭಕ್ಕೆ ಸೇರಿಸಿಕೊಳ್ಳಬಹುದು. ಸಾಲ ಬಂದರೆ ಫರ್ಮಿನಲ್ಲಿರುವ ಅವನ ಪಾಲಿಗಷ್ಟೇ ಪೆಟ್ಟು, ಸ್ವಂತ ಹೊಣೆ ಇಲ್ಲ. ನಮ್ಮ ಕ್ಯಾಂಟೀನಿನ ಜೋಡಿಗಳಲ್ಲಿ ಇಂಥ ಮೈನರುಗಳೇ ಜಾಸ್ತಿ ಅಂತ ನನ್ನ ಅಭಿಪ್ರಾಯ. ಪರೀಕ್ಷೆ ತನಕ ಆಕೆಯ ನೋಟ್ಸು ಬೇಕು, ಸಿನಿಮಾಕ್ಕೆ ಜೊತೆ ಬೇಕು. ಆಕೆಗೆ ಜ್ವರ ಬಂದರೆ ಆಸಾಮಿ ನಾಪತ್ತೆ.

ಆದರೆ ಪ್ರೇಮಕ್ಕೆ ಆಡಿಟರ್ ಇಲ್ಲವಲ್ಲ, ಗುರುತು ಹಿಡಿಯೋದು ಹ್ಯಾಗೆ? ಇಲ್ಲಿ ಕಾಯಿದೆ ಸಾಲದು, ದಮಯಂತಿ ಬೇಕು. ಮಹಾಭಾರತದ ವನಪರ್ವದ ಈ ಕಥೆಯನ್ನು ಕನಕದಾಸರು 'ನಳಚರಿತ್ರೆ'ಯಾಗಿ ಕನ್ನಡಕ್ಕೆ ತಂದರು. ಸ್ವಯಂವರಕ್ಕೆ ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪದಲ್ಲೇ ಬಂದಿದ್ದಾರೆ. ಒಟ್ಟು ಐವರು ನಳರು! ಆಕೆ ಆ ದೇವತೆಗಳಿಗೇ ಮೊರೆಯಿಟ್ಟಾಗ ವ್ಯತ್ಯಾಸ ಕಂಡಿತು ಎನ್ನುತ್ತದೆ ವನಪರ್ವ. ನಾಲ್ವರಿಗೆ ಬೆವರಿಲ್ಲ, ರೆಪ್ಪೆ ಬಡಿಯೋದಿಲ್ಲ, ಹಾರ ಬಾಡಿಲ್ಲ, ಕಾಲು ನೆಲಕ್ಕೆ ತಾಗಿಲ್ಲ. ಐದನೆಯವನಿಗೆ ನೆರಳಿದೆ, ಹಾರ ಬಾಡಿದೆ, ಮೈಮೇಲೆ ಧೂಳು, ಬೆವರು. ಐವರ ಚೆಂದವೂ ಒಂದೇ ಆಗಿದ್ದಾಗ ಆಕೆಗೆ ದಾರಿ ತೋರಿಸಿದ್ದು ಆ ಧೂಳು. ಮುಂದೆ ಇದೇ ನಳ ಜೂಜಿನಲ್ಲಿ ರಾಜ್ಯ ಕಳೆದುಕೊಂಡು, ಜೊತೆಗಿರುತ್ತೇನೆ ಎಂದವಳನ್ನು ಕಾಡಿನಲ್ಲಿ ಮಲಗಿದಲ್ಲೇ ಬಿಟ್ಟುಹೋದ. ನಷ್ಟವನ್ನು ತಾನೊಬ್ಬನೇ ಬರೆದುಕೊಂಡ ಅನ್ನಿ. ಕಲಿಯ ಕಾಟ ಅಂತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಈಗ ನನ್ನ ಲೆಕ್ಕ. ಹೋದ ವರ್ಷ ನನ್ನ ಜೊತೆ ಮಾಟುಂಗಾ ಸ್ಟೇಷನ್ ತನಕ ನಡೆದು ಬರುತ್ತಿದ್ದವಳಿಗೆ, ಅಪ್ಪ ಹೋಟೆಲ್ ಲೈನಿನಲ್ಲಿದ್ದಾರೆ ಅಂದಿದ್ದೆ. ಮಾಲೀಕರು ಅಂತ ಆಕೆ ತಿಳಿದಳು, ನಾನು ತಿದ್ದಲಿಲ್ಲ. ಅಪ್ಪ ಅಲ್ಲಿ ದೋಸೆ ಹಾಕುವವರು. ನನಗೆ ಎರಡು ವಿಷಯದಲ್ಲಿ ಎಟಿಕೆಟಿ ಬಂದದ್ದನ್ನೂ ಮುಚ್ಚಿಟ್ಟೆ. ಆಕೆಯ ಜೊತೆ ಕಂಡರೆ ಗೆಳೆಯರ ಮುಂದೆ ನನ್ನ ಬೆಲೆ ಏರುತ್ತಿತ್ತು. 16ನೇ ಸೆಕ್ಷನ್ನಿನ ಗುಟ್ಟು ಲಾಭ ಅದೇ. ಇಸ್ತ್ರಿ ಷರಟು ಹಾಕಿಕೊಂಡು, ರೆಪ್ಪೆ ಬಡಿಯದೆ, ನಾನೂ ಆ ನಾಲ್ವರ ಸಾಲಿನಲ್ಲೇ ಇದ್ದೆ.

ಜೂನಿನ ಒಂದು ಮಳೆ ಸಂಜೆ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ. ಎರಡು ಲೋಕಲ್ ಹೋದವು, ಆಕೆ ಮಾತಾಡಲಿಲ್ಲ. ಆಮೇಲೆ, "ಅಪ್ಪನ ಡ್ಯೂಟಿ ಎಷ್ಟು ಗಂಟೆಗೆ ಮುಗಿಯುತ್ತೆ?" ಅಂದಳು. ರಾತ್ರಿ ಹನ್ನೊಂದು ಅಂದೆ. ಮೂರನೆಯದನ್ನು ಹತ್ತಿ ಹೊರಟುಹೋದಳು.

ಮರುದಿನ ಸಿಟ್ಟಿನಲ್ಲೇ ಬಂದಳು. ಕೈಯಲ್ಲಿ ಸ್ಟ್ಯಾಟಿಸ್ಟಿಕ್ಸ್ ನೋಟ್ಸ್ ಇತ್ತು. ಮಾತು ಸರಿಹೋಗಲು ಇನ್ನೂ ಎಂಟು ದಿನ ಹಿಡಿಯಿತು.