ನಾಮ್ಚೆ ಸಂತೆಯ ವಿರಳವಾಯು

ನೇಪಾಳದ ಖುಂಬು ಪ್ರಾಂತದಲ್ಲಿ, ಎವರೆಸ್ಟ್ ಶಿಖರದತ್ತ ಹೋಗುವ ಹಾದಿಯಲ್ಲಿ, ಕುದುರೆಯ ಲಾಳದಂತೆ ಬಾಗಿದ ಬೆಟ್ಟದ ಓರೆಯ ಮೇಲೆ ನಾಮ್ಚೆ ಬಜಾರ್ ಎಂಬ ಊರಿದೆ. ಅದರ ಎತ್ತರ ಸುಮಾರು 3,440 ಮೀಟರ್. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ 1,930 ಮೀಟರ್ ಎಂಬುದನ್ನು ವಾಚಕರು ನೆನೆದರೆ ಈ ಊರಿನ ಔನ್ನತ್ಯ ಮನದಟ್ಟಾದೀತು. ಇಲ್ಲಿಯ ಶನಿವಾರದ ಸಂತೆ ಪ್ರಸಿದ್ಧವಾದುದು. ಅಕ್ಕಿ, ಬೇಳೆ, ತರಕಾರಿ, ಮೊಟ್ಟೆಗಳೆಲ್ಲ ಕೆಳಗಿನ ಕಣಿವೆಗಳಿಂದ ಮನುಷ್ಯರ ಬೆನ್ನೇರಿ ಬಂದವು. ಬುಟ್ಟಿಯ ಭಾರವನ್ನು ಹೊರೆಯಾಳು ಹಣೆಗೆ ಕಟ್ಟಿದ ಪಟ್ಟಿಯಿಂದ ತಾಳುತ್ತಾನೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ವಿಜ್ಞಾನಿಗಳು ಸಂತೆಯ ಹಿಂದಿನ ದಿನ ದಾರಿಯಲ್ಲಿ ನಿಂತು ಎಣಿಸಿದಾಗ, 545 ಗಂಡಸರೂ 97 ಹೆಂಗಸರೂ 32 ಯಾಕ್‌ಗಳೂ 30 ಟನ್ನಿಗೆ ಮಿಕ್ಕ ಸರಕನ್ನು ಹೊತ್ತು ಸಾಗುತ್ತಿದ್ದುದು ಕಂಡುಬಂದಿತು. ಗಂಡಸರ ಹೊರೆ ಸರಾಸರಿಯಲ್ಲಿ ಅವರ ದೇಹತೂಕದ ಶೇಕಡ 93ರಷ್ಟು!

ಬೆನ್ನಿಗೊಂದು ಚೀಲ ಕಟ್ಟಿಕೊಂಡು ಬಂದ ನಮ್ಮ ಪ್ರವಾಸಿಯಾದರೋ ಹತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಾನೆ. ಕಾರಣವನ್ನು ತಿಳಿಯಲು ಉಪಕರಣವೇನೂ ಬೇಕಿಲ್ಲ; ಅಂಗಡಿಯಲ್ಲಿ ತೂಗುಬಿಟ್ಟ ಬಿಸ್ಕತ್ತಿನ ಪೊಟ್ಟಣವನ್ನು ನೋಡಿದರೆ ಸಾಕು. ತಗ್ಗಿನ ಊರಿನಲ್ಲಿ ಮುಚ್ಚಿದ ಪೊಟ್ಟಣ ಇಲ್ಲಿ ಚೆಂಡಿನಂತೆ ಉಬ್ಬಿದೆ. ಒಳಗಿನ ಗಾಳಿ ಹೆಚ್ಚಿಲ್ಲ, ಹೊರಗಿನ ಒತ್ತಡ ಕುಗ್ಗಿದೆ. ಸಮುದ್ರತೀರದಲ್ಲಿ ವಾಯುಭಾರ 760 ಮಿಲಿಮೀಟರ್ ಪಾದರಸ. ಬೆಂಗಳೂರಿನಲ್ಲಿ ಸುಮಾರು 680. ನಾಮ್ಚೆಯಲ್ಲಿ ಸುಮಾರು 500. ಎಲ್ಲೆಡೆಯಲ್ಲಿಯೂ ಗಾಳಿಯ ಶೇಕಡ 21 ಪಾಲು ಆಮ್ಲಜನಕವೇ. ಆದರೆ ಅದನ್ನು ಶ್ವಾಸಕೋಶದಿಂದ ರಕ್ತದೊಳಕ್ಕೆ ನೂಕುವ ಒತ್ತಡ ಮೂರನೆಯ ಒಂದು ಪಾಲು ಇಳಿದಿರುತ್ತದೆ. ಬಾಧೆಗೆ ಮೂಲ ಈ ಒತ್ತಡದ ಕೊರತೆಯೇ ಎಂದು ಫ್ರಾನ್ಸಿನ ಪಾಲ್ ಬೆರ್ 1878ರಲ್ಲಿ ಸಾಧಿಸಿ ತೋರಿಸಿದನು.

ಇದೇ ಕಾರಣದಿಂದ ನಾಮ್ಚೆಯಲ್ಲಿ ನೀರು ಸುಮಾರು 89 ಡಿಗ್ರಿ ಸೆಂಟಿಗ್ರೇಡಿಗೇ ಕುದಿಯುತ್ತದೆ. ಒತ್ತಡದ ಪಾತ್ರೆಯಿಲ್ಲದೆ ಬೇಳೆ ಬೇಯಿಸಹೊರಟವರ ಗತಿ ಹೇಳತೀರದು. 1835ರಲ್ಲಿ ಆಂಡೀಸ್ ಪರ್ವತವನ್ನು ದಾಟುತ್ತಿದ್ದ ಚಾರ್ಲ್ಸ್ ಡಾರ್ವಿನ್ನನ ಜತೆಗಾರರು ರಾತ್ರಿಯೆಲ್ಲ ಕುದಿಸಿದರೂ ಆಲೂಗಡ್ಡೆ ಬೇಯದಿರಲು, ಹೊಸ ಮಡಕೆಗೇ ಬೇಯಿಸಲು ಮನಸ್ಸಿಲ್ಲವೆಂದು ತೀರ್ಮಾನಿಸಿದರಂತೆ. ಆಂಡೀಸಿನ ಆ ಗಡ್ಡೆಯೇ 19ನೆಯ ಶತಮಾನದಲ್ಲಿ ಖುಂಬುವಿಗೂ ಬಂದು ಶೆರ್ಪಾ ಜನರ ಮುಖ್ಯ ಆಹಾರವಾಯಿತೆಂಬುದು ವಿನೋದದ ಸಂಗತಿ.

ಇನ್ನು ಶರೀರದ ವಿಚಾರ. ಆಮ್ಲಜನಕ ಸಾಲದೆ ಬಂದಾಗ ಉಸಿರಾಟ ತಾನಾಗಿ ತೀವ್ರವಾಗುತ್ತದೆ. ಆದರೆ ಇದರಿಂದ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಬಿದ್ದು ರಕ್ತ ಕ್ಷಾರಗುಣ ತಾಳುತ್ತದೆ. ಮಿದುಳಿನ ಉಸಿರಾಟದ ಕೇಂದ್ರ ಇದನ್ನು ಕಂಡು ಕಡಿವಾಣ ಹಾಕುತ್ತದೆ. ಒಂದು ಆಜ್ಞೆ ‘ಉಸಿರೆಳೆ’ ಎಂದರೆ ಇನ್ನೊಂದು ‘ತಾಳು’ ಎನ್ನುತ್ತದೆ. ಆದುದರಿಂದಲೇ ಎತ್ತರದಲ್ಲಿ ಮಲಗಿದವನ ಉಸಿರು ನಡುರಾತ್ರಿ ಕೆಲವು ಕ್ಷಣ ನಿಂತು, ಅವನು ಗಾಬರಿಯಿಂದ ಎಚ್ಚರಗೊಳ್ಳುವುದುಂಟು. ಮೂತ್ರಪಿಂಡಗಳು ಹೆಚ್ಚಿನ ಕ್ಷಾರವನ್ನು ಹೊರಹಾಕಿ ಈ ಜಗಳವನ್ನು ಬಗೆಹರಿಸಲು ಕೆಲವು ದಿನಗಳು ಬೇಕು. ವೈದ್ಯರು ಕೊಡುವ ಅಸೆಟಜೋಲಮೈಡ್ ಈ ಕೆಲಸವನ್ನೇ ತ್ವರೆಗೊಳಿಸುತ್ತದೆ. ಕೆಂಪು ರಕ್ತಕಣಗಳು ವೃದ್ಧಿಯಾಗಲು ವಾರಗಳೇ ಹಿಡಿಯುತ್ತವೆ.

ಹಿಂದೆ ಯಾತ್ರಿಕರು ಜಿರಿಯಿಂದ ಸುಮಾರು ಒಂದು ವಾರ ನಡೆದು ಇಲ್ಲಿಗೆ ಬರುತ್ತಿದ್ದರು. ಶರೀರಕ್ಕೆ ಬೇಕಾದ ಕಾಲಾವಕಾಶ ದಾರಿಯಲ್ಲಿಯೇ ದೊರೆಯುತ್ತಿತ್ತು. 1964ರಲ್ಲಿ ಎಡ್ಮಂಡ್ ಹಿಲರಿಯ ನೇತೃತ್ವದಲ್ಲಿ ಲುಕ್ಲಾದಲ್ಲಿ ವಿಮಾನದ ತಾಣ ಸಿದ್ಧವಾಯಿತು. ಈಗ 1,400 ಮೀಟರಿನ ಕಠ್ಮಂಡುವಿನಿಂದ 2,860 ಮೀಟರಿಗೆ ಅರ್ಧ ಗಂಟೆಯ ಪ್ರಯಾಣ! ಉಳಿಸಿದ ವಾರಕ್ಕೆ ಶರೀರವು ಬಡ್ಡಿ ಕೇಳುತ್ತದೆ. 1962ರ ಯುದ್ಧಕಾಲದಲ್ಲಿ ತಗ್ಗಿನಿಂದ ಥಟ್ಟನೆ ಹಿಮಾಲಯಕ್ಕೇರಿದ ಭಾರತೀಯ ಸೈನಿಕರು ಇದೇ ಬಾಧೆಗೆ ಗುರಿಯಾದರು. ಸೇನಾವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಸೈನಿಕರನ್ನು ಕುರಿತು 1969ರಲ್ಲಿ ಪ್ರಕಟಿಸಿದ ಲೇಖನ ಈ ಶಾಸ್ತ್ರದಲ್ಲಿ ಇಂದಿಗೂ ಗಣ್ಯವಾದುದು.

ತಲೆನೋವು, ಓಕರಿಕೆ, ಹಸಿವಿಲ್ಲದಿರುವುದು ಮೊದಲ ಸೂಚನೆಗಳು. ಆಗ ಮೇಲೇರದೆ ನಿಲ್ಲಬೇಕು. ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆಯೆಂದೂ, ಕುಡಿದವನಂತೆ ತೂರಾಡಿದರೆ ಮಿದುಳು ಊದುತ್ತಿದೆಯೆಂದೂ ಶಂಕಿಸಿ ಕೂಡಲೆ, ರಾತ್ರಿಯಾದರೂ ಸರಿ, ಕೆಳಗಿಳಿಸಬೇಕು. ಮೂರು ಸಾವಿರ ಮೀಟರಿನ ಮೇಲೆ ಮಲಗುವ ತಾಣವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಅಲ್ಲಿಯೇ ತಂಗಬೇಕು. ನಾಮ್ಚೆಯಲ್ಲಿ ತಂಗುವ ಆ ದಿನ ಸಂತೆಯ ದಿನವಾದರೆ ಅದಕ್ಕಿಂತ ಭಾಗ್ಯವಿಲ್ಲ.

ಹೊರೆಯಾಳಿಗೆ ಈ ಬಾಧೆಯಿಲ್ಲವೆಂದು ಮಾತ್ರ ಭಾವಿಸಬಾರದು. ಶೆರ್ಪಾ ಮತ್ತು ಟಿಬೆಟಿನ ಜನಕ್ಕೆ ವಿರಳವಾಯುವಿಗೆ ಒಗ್ಗುವ ವಂಶವಾಹಿಗಳು ಸಾವಿರಾರು ವರ್ಷಗಳಿಂದ ಬಂದಿವೆ. ಆದರೆ ಹೊರೆಯಾಳುಗಳಲ್ಲಿ ಅನೇಕರು ತಗ್ಗಿನ ಬೆಟ್ಟಗಳ ರಾಯಿಗಳು, ತಮಾಂಗರು. ಅವರ ಶರೀರಕ್ಕೆ ಆ ಪಿತ್ರಾರ್ಜಿತವಿಲ್ಲ. ಅವನು ತಲೆನೋವೆಂದರೆ ಕೂಲಿ ಕೊಟ್ಟು ಒಬ್ಬನನ್ನೇ ಕೆಳಗೆ ಕಳುಹಿಸುವುದು ಕೊಲೆಗೆ ಸಮೀಪದ ಕೆಲಸ. ಭಾಷೆ ಬಾರದಿದ್ದರೂ ಪರೀಕ್ಷೆ ಸುಲಭ. ಹೊರೆಯಿಳಿಸಿ, ನೆಲದ ಮೇಲೆ ಒಂದು ಗೆರೆಯೆಳೆದು, ಹೆಬ್ಬೆರಳಿಗೆ ಹಿಮ್ಮಡಿ ತಾಗಿಸುತ್ತ ಅದರ ಮೇಲೆ ನಡೆದು ತೋರಿಸಿ, ಅವನಿಗೂ ನಡೆಯುವಂತೆ ಸನ್ನೆ ಮಾಡಬೇಕು. ಹೆಜ್ಜೆ ಗೆರೆ ತಪ್ಪಿದರೆ ಒಬ್ಬರು ಅವನ ತೋಳು ಹಿಡಿದು ಆಗಲೇ ಇಳಿಯತೊಡಗಬೇಕು.