ಅಂಜನಾಪುರ: ಕೋಡಿ ಬಿದ್ದಾಗ ಬನ್ನಿ

ಅಂಜನಾಪುರಕ್ಕೆ ಯಾವಾಗ ಹೋಗಬೇಕು ಎಂದು ಕೇಳಿದರೆ ಕ್ಯಾಲೆಂಡರ್ ನೋಡಿ ಹೇಳುವುದು ಕಷ್ಟ, ಹೊಸನಗರದ ಮಳೆ ನೋಡಿ ಹೇಳಬೇಕು. ಅಂಜನಾಪುರಕ್ಕೆ ನೀರು ತರುವ ಕುಮುದ್ವತಿ ನದಿ ಹುಟ್ಟುವುದು ಆ ತಾಲ್ಲೂಕಿನ ಹುಂಚದ ಬಳಿಯ ಬಿಲ್ಲೇಶ್ವರದಲ್ಲಿ. ಅಲ್ಲಿ ಮಳೆ ಹಿಡಿದು ಹೊಯ್ದರೆ ಸಾಕು, ಶಿಕಾರಿಪುರದಲ್ಲಿ ಬಿಸಿಲಿದ್ದರೂ ಅಂಜನಾಪುರ ಜಲಾಶಯಕ್ಕೆ ಕೆನ್ನೀರು ನುಗ್ಗುತ್ತದೆ. ತುಂಬಿ ಕೋಡಿ ಬಿತ್ತೆಂದರೆ ಮಾರನೆಯ ದಿನ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಫೋಟೊ, ಅದಾದ ಕೆಲವೇ ದಿನಗಳಲ್ಲಿ ಜನಪ್ರತಿನಿಧಿಗಳ ಬಾಗಿನ. ಒಳ್ಳೆಯ ಮಳೆಯಾದ ವರ್ಷ ಜುಲೈ ನಡುಭಾಗದಿಂದ ಆಗಸ್ಟ್ ಒಳಗೆ ಇದೆಲ್ಲ ನಡೆದುಹೋಗುತ್ತದೆ. ಮುಂಗಾರು ಕೈಕೊಟ್ಟ ವರ್ಷ ಕೋಡಿ ಬೀಳದೆಯೂ ಹೋಗಬಹುದು. ಹಾಗಾಗಿ ರಜೆ ಹಾಕುವ ಮೊದಲು ಶಿಕಾರಿಪುರದ ಕಡೆಯ ಪರಿಚಯದವರಿಗೆ ಒಂದು ಫೋನ್ ಮಾಡಿ ಕೇಳಿಕೊಳ್ಳಿ: ‘ಕೋಡಿ ಬಿತ್ತೇನ್ರೀ?’

ಇದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ನೀರಾವರಿ ಅಣೆಕಟ್ಟು. ಕಟ್ಟಿದ್ದು ಭತ್ತಕ್ಕೆ, ಪ್ರವಾಸಿಗರಿಗಲ್ಲ. ದೊಡ್ಡ ಜಲಾಶಯಗಳಲ್ಲಿ ಕಾಣುವ ಬೃಂದಾವನ, ಕಾರಂಜಿಗಳ ಲೆಕ್ಕ ಹಾಕಿಕೊಂಡು ಬಂದವರಿಗೆ ಇಲ್ಲಿ ನಿರಾಸೆ ಖಂಡಿತ. ನೀರು, ಏರಿ, ಕೋಡಿ, ನಾಲೆ, ಆಚೆ ಹಸಿರು: ಇಷ್ಟೇ. ಅಷ್ಟೇ ಸಾಕು ಎನ್ನುವವರು ಬಂದರೆ ಒಂದು ಸಂಜೆ ಸಾರ್ಥಕವಾಗುತ್ತದೆ. ಒಂದು ಸಂಜೆ ಎಂದದ್ದು ಲೆಕ್ಕ ಹಾಕಿಯೇ. ಇಡೀ ದಿನ ಇಲ್ಲಿ ಕೂರುವ ಯೋಜನೆ ಬೇಡ, ಉಳಿದ ಹೊತ್ತಿಗೆ ಸುತ್ತಮುತ್ತ ನೋಡಬೇಕಾದದ್ದು ಬೇಕಾದಷ್ಟಿದೆ.

ಶಿಕಾರಿಪುರದವರೆಗೆ ಬರುವುದು ಸುಲಭ. ಬೆಂಗಳೂರಿನಿಂದ ನೇರ ಬಸ್ಸುಗಳಿವೆ. ರೈಲಿನಲ್ಲಿ ಬರುವವರು ಶಿವಮೊಗ್ಗದಲ್ಲಿ ಇಳಿಯಬೇಕು, ಅಲ್ಲಿಂದ ರಸ್ತೆಯಲ್ಲಿ ಐವತ್ತು ಕಿಲೋಮೀಟರ್ ಆಸುಪಾಸು. 2023ರ ಫೆಬ್ರುವರಿಯಲ್ಲಿ ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಉದ್ಘಾಟನೆಯಾಗಿದೆ. ಉತ್ತರ ಕರ್ನಾಟಕದವರಿಗೆ ರಾಣೆಬೆನ್ನೂರು ಅಥವಾ ಹಿರೇಕೆರೂರಿನ ದಾರಿ ಹತ್ತಿರ. ಶಿಕಾರಿಪುರದಿಂದ ಅಣೆಕಟ್ಟೆಗೆ ಹತ್ತು ಕಿಲೋಮೀಟರ್ ಲೆಕ್ಕ ಇಟ್ಟುಕೊಳ್ಳಿ. ಸ್ವಂತ ವಾಹನವಿಲ್ಲದಿದ್ದರೆ ಪೇಟೆಯಲ್ಲೇ ಆಟೊ ಮಾತಾಡಿಕೊಂಡು ಹೋಗುವುದು ವಾಸಿ. ವಾಪಸಿನ ಬಾಡಿಗೆಯನ್ನೂ, ಅಲ್ಲಿ ಕಾಯುವ ಹೊತ್ತನ್ನೂ ಹತ್ತುವ ಮೊದಲೇ ತೀರ್ಮಾನಿಸಿಕೊಳ್ಳಿ, ಕತ್ತಲಾದ ಮೇಲೆ ಅಲ್ಲಿ ವಾಹನಕ್ಕೆ ಕೈ ಚಾಚಿ ನಿಲ್ಲುವ ಪರಿಸ್ಥಿತಿ ಬೇಡ.

ಭಾನುವಾರ ತಪ್ಪಿಸಿ. ಕೋಡಿ ಬಿದ್ದ ಮೊದಲ ಭಾನುವಾರವಂತೂ ಸುತ್ತಲಿನ ಊರುಗಳೆಲ್ಲ ಬೈಕಿನ ಮೇಲೆ ಬಂದು ಅಲ್ಲಿ ನೆರೆದಿರುತ್ತವೆ. ವಾರದ ನಡುವೆ ಸಂಜೆ ನಾಲ್ಕರ ಮೇಲೆ ಹೋದರೆ ಏರಿಯ ಮೇಲೆ ಆರಾಮವಾಗಿ ನಡೆಯಬಹುದು. ಒಂದು ಕಡೆ ಗಾಳಿಗೆ ಸಣ್ಣ ಅಲೆಯೆದ್ದು ಕಲ್ಲುಗಳಿಗೆ ಬಡಿಯುವ ನೀರು, ಇನ್ನೊಂದು ಕಡೆ, ಕೆಳಗೆ, ಅಚ್ಚುಕಟ್ಟಿನ ಗದ್ದೆ ತೋಟಗಳು. ನೀರಿನ ಮಟ್ಟ ನಿಂತ ನೆಲಕ್ಕಿಂತ ಮೇಲಿದೆ ಎನ್ನುವುದು ಏರಿ ಇಳಿದು ನಾಲೆಯ ಪಕ್ಕ ನಿಂತಾಗ ಮಾತ್ರ ಮೈಗೆ ತಾಗುತ್ತದೆ. ಹೆಚ್ಚಿನವರು ಕೋಡಿಯ ಹತ್ತಿರ ಸೆಲ್ಫಿ ತೆಗೆದುಕೊಂಡು ಹಾಗೇ ಹಿಂದಿರುಗುತ್ತಾರೆ. ನನ್ನನ್ನು ಕೇಳಿದರೆ ಏರಿಯ ನಡಿಗೆಗೆ ಮೊದಲ ಅಂಕ.

ಕೋಡಿಯ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕಟ್ಟೆಯ ಮೇಲೆ ಹಾಯುವ ನೀರು ಮೊಣಕಾಲು ಮುಚ್ಚದಷ್ಟು ತೆಳ್ಳಗೆ, ನೊರೆನೊರೆಯಾಗಿ, ‘ಬಾ, ಏನೂ ಆಗಲ್ಲ’ ಎಂದು ಕರೆಯುತ್ತಿರುತ್ತದೆ. ಅದರ ಕೆಳಗಿನ ಕಲ್ಲಿನ ಮೇಲೆ ಕಪ್ಪು ಹಸಿರಿನ ಪಾಚಿ ಇರುತ್ತದೆ. ಬೂಟು ಹಾಕಿದವನೂ ಜಾರುತ್ತಾನೆ, ಚಪ್ಪಲಿ ಕಳಚಿಟ್ಟವನೂ ಜಾರುತ್ತಾನೆ. ಮೇಲೆ ಎಲ್ಲೋ ಮಳೆ ಸುರಿದರೆ ನೀರಿನ ಬಲ ನೋಡನೋಡುತ್ತಲೇ ಬದಲಾಗುತ್ತದೆ. ಹಳ್ಳಿ ಹುಡುಗರು ಇಳಿದಿದ್ದಾರೆಂದು ನೀವೂ ಇಳಿಯಬೇಡಿ. ಅವರಿಗೆ ಯಾವ ಕಲ್ಲು ಎಲ್ಲಿದೆ ಗೊತ್ತು. ಮಕ್ಕಳ ಕೈ ಬಿಡಬೇಡಿ. ತಿಂಡಿ, ಕುಡಿಯುವ ನೀರು ಶಿಕಾರಿಪುರದಿಂದಲೇ ಕಟ್ಟಿಸಿಕೊಂಡು ಹೋಗಿ, ಶೌಚಾಲಯದ ಕೆಲಸವನ್ನೂ ಅಲ್ಲೇ ಮುಗಿಸಿಕೊಳ್ಳಿ. ತಂದ ಪ್ಲಾಸ್ಟಿಕ್ಕನ್ನು ವಾಪಸ್ ಒಯ್ಯಿರಿ, ಈ ನೀರು ಶಿಕಾರಿಪುರದವರ ಮನೆಯ ನಲ್ಲಿಗೂ ಹೋಗುತ್ತದೆ.

ಉಳಿಯಲು ಶಿಕಾರಿಪುರದಲ್ಲಿ ಸಾಧಾರಣ ಲಾಡ್ಜುಗಳಿವೆ. ಹೆಚ್ಚಿನ ಅನುಕೂಲ ಬೇಕಿದ್ದವರು ಶಿವಮೊಗ್ಗದಲ್ಲೇ ಉಳಿಯಲಿ. ಊಟದ ಮಟ್ಟಿಗೆ ಇದು ಗಡಿಸೀಮೆ, ಮಲೆನಾಡಿನ ಅಕ್ಕಿರೊಟ್ಟಿಯೂ ಬಯಲುಸೀಮೆಯ ಜೋಳದ ರೊಟ್ಟಿಯೂ ಇಲ್ಲಿ ಎದುರುಬದುರು ಆಗುತ್ತವೆ. ಮಳೆಗಾಲದ ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಸಾಕು. ಬೆಳಗ್ಗೆ ಬೇಗ ಎದ್ದರೆ ಹುಚ್ಚರಾಯಸ್ವಾಮಿ ದೇವಸ್ಥಾನಕ್ಕೆ ಹೋಗಿ ಬನ್ನಿ. ಇಲ್ಲಿನ ಆಂಜನೇಯನ ಮೂಗಿನ ತುದಿಯಲ್ಲಿ ಸಾಲಿಗ್ರಾಮವಿದೆ ಎಂದು ಭಕ್ತರು ಕೈಮುಗಿಯುತ್ತಾರೆ. ಇದೇ ಸ್ವಾಮಿಯ ಹೆಸರಿನ ಕೆರೆಯೂ ಊರಲ್ಲೇ ಇದೆ.

ಎರಡನೇ ದಿನವನ್ನು ಶಿರಾಳಕೊಪ್ಪದ ಕಡೆಗೆ ಇಟ್ಟುಕೊಳ್ಳಿ. ನೀರು ನೋಡಲು ಬಂದವರು ಕಲ್ಲು ನೋಡಲು ಯಾಕೆ ಹೋಗಬೇಕು ಎನ್ನಬಹುದು. ತಾಳಗುಂದದ ಕಂಬ ಅದಕ್ಕೆ ಉತ್ತರ. ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಆ ಐದನೆಯ ಶತಮಾನದ ಕಲ್ಲುಕಂಬವನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದು ಮಯೂರಶರ್ಮನ ಕಥೆಗಾಗಿ: ಕಂಚಿಯ ಘಟಿಕೆಗೆ ಓದಲು ಹೋದ ಬ್ರಾಹ್ಮಣ ಯುವಕ, ಪಲ್ಲವರ ಕುದುರೆ ಸವಾರನೊಡನೆ ಜಗಳ, ಕತ್ತಿ ಹಿಡಿದದ್ದು, ಕದಂಬ ರಾಜ್ಯ ಕಟ್ಟಿದ್ದು. ಆದರೆ ಶಾಸನ ಹುಟ್ಟಿದ ಸಂದರ್ಭವೇ ಬೇರೆ. ಕದಂಬ ದೊರೆ ಕಾಕುಸ್ಥವರ್ಮ ಇಲ್ಲಿನ ಶಿವಾಲಯದ ಬಳಿ ಒಂದು ದೊಡ್ಡ ಕೆರೆ ಕಟ್ಟಿಸಿದ. ಅದನ್ನು ದಾಖಲಿಸುವ ಸಲುವಾಗಿ, ಮುಂದೆ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ಬರೆದದ್ದು ಇದು. ಒಂದು ರಾಜವಂಶದ ಚರಿತ್ರೆ ಕೆರೆಯ ನೆಪದಲ್ಲಿ ನಮಗೆ ದಕ್ಕಿದೆ. ಕಂಬದ ಸುತ್ತ ಒಂದು ಸುತ್ತು ಬನ್ನಿ, ಅಕ್ಷರಗಳು ಉದ್ದುದ್ದ ಸಾಲುಗಳಲ್ಲಿ ನೆಟ್ಟಗೆ ಮೇಲಕ್ಕೆ ಹೋಗುತ್ತವೆ. ಓರೆ ಬಿಸಿಲು ಬೀಳುವ ಬೆಳಗ್ಗೆ ಅವು ಚೆನ್ನಾಗಿ ಕಾಣುತ್ತವೆ, ನಡುಮಧ್ಯಾಹ್ನ ಹೋದರೆ ಬರೀ ಕಲ್ಲು. ಹಾಗಾಗಿ ತಾಳಗುಂದ ಮೊದಲು, ಬಳ್ಳಿಗಾವಿ ಆಮೇಲೆ.

ಬಳ್ಳಿಗಾವಿ ಶಿರಾಳಕೊಪ್ಪಕ್ಕೆ ಎರಡೇ ಹೆಜ್ಜೆ. ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾಸಿರದ ರಾಜಧಾನಿ, ಅಲ್ಲಮಪ್ರಭುವಿನ ಹುಟ್ಟೂರೆಂದು ಶರಣರ ಪರಂಪರೆ ನಂಬುವ ಊರು. ಇಲ್ಲಿಯ ಮೂರು ಗರ್ಭಗುಡಿಗಳ ಕೇದಾರೇಶ್ವರ ದೇವಾಲಯ ನಿಂತಿರುವುದೂ ಕೆರೆಯ ಮಗ್ಗುಲಲ್ಲೇ. ಕಾಳಾಮುಖ ಯತಿಗಳ ಕೋಡಿಯ ಮಠ ಈ ದೇವಾಲಯಕ್ಕೆ ಅಂಟಿಕೊಂಡಿತ್ತು. ವೇದ, ವ್ಯಾಕರಣ, ತರ್ಕಗಳ ಪಾಠ ನಡೆಯುತ್ತಿದ್ದ, ಅನಾಥರಿಗೆ ಅನ್ನ, ರೋಗಿಗಳಿಗೆ ಮದ್ದು ಸಿಗುತ್ತಿದ್ದ ಜಾಗ ಎಂದು ಹನ್ನೆರಡನೆಯ ಶತಮಾನದ ಶಾಸನ ಅದನ್ನು ಬಣ್ಣಿಸುತ್ತದೆ. ಊರೊಳಗೆ 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಗಂಡಭೇರುಂಡ ಸ್ತಂಭವಿದೆ. ಕಂಬ ಎತ್ತರ, ಮೇಲಿನ ಎರಡು ತಲೆಯ ಮೂರ್ತಿ ನೋಡಲು ಕತ್ತು ನೋಯುವಷ್ಟು ಹಿಂದಕ್ಕೆ ಬಾಗಿಸಬೇಕು. ತ್ರಿಪುರಾಂತಕೇಶ್ವರ ದೇವಾಲಯವನ್ನು ಹೊರಗಿನಿಂದಲೇ ನೋಡಿ ಬಿಡಬೇಡಿ, ಒಳಗಿನ ಜಾಲಂಧ್ರಗಳ ಕುಸುರಿಗೆ ಅರ್ಧ ಗಂಟೆ ಕೊಡಿ. ಟಾರ್ಚ್ ಇರಲಿ.

ಅಕ್ಕಮಹಾದೇವಿಯ ಉಡುತಡಿ ಇದೇ ದಿಕ್ಕಿನಲ್ಲಿದೆ, ದಾರಿಯಲ್ಲೇ ಮುಗಿಸಬಹುದು. ಬಂದಳಿಕೆಯ ಬಸದಿ, ದೇವಾಲಯಗಳು ಇನ್ನೂ ಸ್ವಲ್ಪ ದೂರ. ಅಲ್ಲಿ ಜನ ಕಡಿಮೆ, ಅಂಗಡಿಯನ್ನೂ ನಂಬುವಂತಿಲ್ಲ, ಕಾರು ಇದ್ದವರಿಗೆ ಮಾತ್ರ ಹೇಳುತ್ತೇನೆ.

ಅಂಜನಾಪುರ, ಶಿಕಾರಿಪುರಗಳ ಓಡಾಟದಲ್ಲಿ ಈಸೂರನ್ನು ಬಿಟ್ಟು ಬರಬಾರದು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆಯ ಊರು ಇದು. 1942ರ ಸೆಪ್ಟೆಂಬರಿನಲ್ಲಿ ಇಲ್ಲಿನ ರೈತರು ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿ, ತಮ್ಮದೇ ಸರ್ಕಾರ ಎಂದು ಸಾರಿ, ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಮಾಡಿ ಕೂರಿಸಿದರು. ಆಮೇಲಿನ ಘರ್ಷಣೆಯಲ್ಲಿ ನಿಜವಾದ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಇಬ್ಬರೂ ಸತ್ತರು. ಊರಿನ ಮೇಲೆ ಪೊಲೀಸರು ಮುಗಿಬಿದ್ದರು. 1943ರ ಮಾರ್ಚ್‌ನಲ್ಲಿ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಹುತಾತ್ಮರ ಸ್ಮಾರಕದ ಹತ್ತಿರ ಹಿರಿಯರು ಯಾರಾದರೂ ಕೂತಿದ್ದರೆ ಹೆಚ್ಚು ಪ್ರಶ್ನೆ ಹಾಕದೆ ಪಕ್ಕದಲ್ಲಿ ಕುಳಿತುಕೊಳ್ಳಿ, ಮಾತು ತಾನಾಗಿ ಬರುತ್ತದೆ.

ಇನ್ನೊಂದು ದಿನ ಕೈಯಲ್ಲಿದ್ದರೆ ಎರಡು ದಾರಿ. ಕುಮುದ್ವತಿಯ ಜೊತೆಗೇ ಕೆಳಕ್ಕೆ ಹೋಗುವವರಿಗೆ ಹಾವೇರಿ ಜಿಲ್ಲೆಯ ಮಾಸೂರಿನ ಬಳಿ ವಿಜಯನಗರ ಕಾಲದ ಮದಗದ ಕೆರೆ ಇದೆ. ಮಳೆಗಾಲದಲ್ಲಿ ಅಲ್ಲಿ ಗುಡ್ಡಗಳ ನಡುವೆ ನೀರು ಧುಮುಕುತ್ತದೆ, ಜನಜಾತ್ರೆಯೂ ಅಷ್ಟೇ. ನಾನಾದರೆ ಸೊರಬದ ಕಡೆ ತಿರುಗುತ್ತೇನೆ. ಸೊರಬದಿಂದ ಹದಿನಾರು ಕಿಲೋಮೀಟರಿನಷ್ಟು ದೂರದ ಗುಡವಿ ಕೆರೆಯಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ನೀರೊಳಗಿನ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ಅಂಜನಾಪುರದ ಕೋಡಿ ಕಾಲವೂ ಗುಡವಿಯ ಮರಿ ಕಾಲವೂ ಒಟ್ಟಿಗೇ ಬರುವುದರಿಂದ ಆಗಸ್ಟ್ ಕೊನೆಯ ವಾರ ಎರಡಕ್ಕೂ ಹೊಂದುತ್ತದೆ. ಕೊಡೆಗಿಂತ ರೇನ್‌ಕೋಟ್ ಒಳ್ಳೆಯದು, ದುರ್ಬೀನು ಹಿಡಿಯಲು ಎರಡೂ ಕೈ ಬೇಕಾಗುತ್ತವೆ. ಗುಡವಿಗೆ ಬೆಳಗ್ಗೆ ಏಳರೊಳಗೆ ಮುಟ್ಟಬೇಕೆಂದರೆ ಹಿಂದಿನ ರಾತ್ರಿ ಸೊರಬದಲ್ಲೇ ಉಳಿಯಿರಿ. ರೂಮಿಗೆ ಮೊದಲೇ ಫೋನ್ ಮಾಡಿ ಹೇಳಿಟ್ಟರೆ ಒಳ್ಳೆಯದು.